ಬೇಸ್ ಎಲ್ಲಿ ಹೋಯಿತು?

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಅಲ್ಲಿಯ ಸಮಾಜ ಮಂದಿರದಲ್ಲಿ ನಮ್ಮ ಕಲಿಕಾ ಕೇಂದ್ರ ನಡೆಯುತ್ತದೆ. ಕೇಂದ್ರಕ್ಕೆ ಬರುವ ಹನ್ನೊಂದು ಹೆಣ್ಣುಮಕ್ಕಳು ಸೇರಿ ಒಂದು ಬಚತ ಗಟ ಮಾಡಿಕೊಂಡಿದ್ದಾರೆ. ಹೋದ ವರ್ಷ ಗಟದ ದುಡ್ಡಿನಿಂದ ಒಂದು ಹಳೆಯ ಹೋಂ ಥಿಯೇಟರ್ ಕೊಂಡರು. ಒಂದು ರಿಸೀವರ್, ಐದು ಸಣ್ಣ ಸ್ಪೀಕರ್, ಒಂದು ದೊಡ್ಡ ಕರಿ ಪೆಟ್ಟಿಗೆ. ಎಲ್ಲಾ ಸೇರಿ ಒಂಬತ್ತು ಸಾವಿರ ರೂಪಾಯಿ. ಕುಬಸ, ತೊಟ್ಟಿಲು, ಹುಟ್ಟುಹಬ್ಬಕ್ಕೆ ಬಾಡಿಗೆ ಕೊಡೋದು, ಬಂದ ದುಡ್ಡು ಗಟಕ್ಕೆ ಹಾಕೋದು. ಇದು ಅವರ ಲೆಕ್ಕ.

ಮೊದಲು ಎರಡು ಬಾಡಿಗೆ ಸುಸೂತ್ರ ಆದವು. ಮೂರನೆಯ ಮನೆಯವರು ಐನೂರರ ಬದಲು ಇನ್ನೂರಾ ಐವತ್ತು ಕೈಗಿಟ್ಟರು. "ಮಾತು ಕೇಳಸ್ತಾವು, ಹಾಡೂ ಕೇಳಸ್ತಾವು. ಆದ್ರ ಎದಿಗೆ ಬಡಿಯೂದಿಲ್ಲ. ಇದರಾಗ ದಮ್ಮೇ ಇಲ್ಲ" ಅಂದರು. ಸೆಟ್ಟನ್ನು ಪೇಟೆಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವನು ಒಂದು ಹಾಡು ಹಚ್ಚಿ ನೋಡಿದ. "ಪೆಟ್ಟಿಗಿ ಒಳಗಿನ ಬೋರ್ಡ್ ಹೋಗೇತಿ, ಎರಡು ಸಾವಿರದ ಇನ್ನೂರು ಆಗತೈತಿ" ಅಂದ.

ಗಟದಲ್ಲಿ ಜಗಳ ಶುರುವಾಯಿತು. ಈ ಸೆಟ್ ಕೊಳ್ಳೋಣ ಎಂದು ಮೊದಲು ಹೇಳಿದವಳು ನಮ್ಮ ಹಾಲಿನ ಅಕ್ಕ. ಮನೆ ಮನೆಗೆ ಹಾಲು ಹಾಕುತ್ತಾಳೆ, ಅದಕ್ಕೇ ಆ ಹೆಸರು. ಎಲ್ಲರ ಮಾತೂ ಅವಳ ಮೇಲೆ ಬಂತು. "ಕೆಟ್ಟ ಮಾಲು ತಂದಿ" ಅಂದರು. ಅವಳು ಎರಡು ವಾರ ಕೇಂದ್ರಕ್ಕೆ ಬರಲಿಲ್ಲ. ಒತ್ತಕ್ಷರ ಆಗಷ್ಟೇ ಕೈಗೆ ಹತ್ತಿತ್ತು ಅವಳಿಗೆ. ನನಗೆ ಚಿಂತೆಯಾಯಿತು.

ನಾನು ರಿಪೇರಿ ಕಲಿತವಳಲ್ಲ. ಆದರೆ ನನ್ನ ತಮ್ಮ ಮದುವೆ ಮನೆಗಳ ಸೌಂಡ್ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಫೋನ್ ಹಚ್ಚಿದೆ. ಅವನು ಒಂದೇ ಪ್ರಶ್ನೆ ಕೇಳಿದ: "ಹಾಡು ಹಚ್ಚಿದಾಗಷ್ಟ ಬೇಸ್ ಬರೂದಿಲ್ಲೇನು, ಸಿನಿಮಾ ಹಾಕಿದಾಗೂ ಬರೂದಿಲ್ಲೇನು?"

ಯಾರೂ ನೋಡಿರಲಿಲ್ಲ. ಅಂದು ಸಂಜೆ ಹಾಲಿನ ಅಕ್ಕನನ್ನು ಕರೆತಂದು, ಎಲ್ಲರೂ ಕೂಡಿ ನೋಡಿದೆವು. ಫೋನಿನಿಂದ ಹಾಡು ಹಚ್ಚಿದರೆ ಕರಿ ಪೆಟ್ಟಿಗೆ ಸುಮ್ಮನೆ. ಡಿವಿಡಿಯ ಸಿನಿಮಾದಲ್ಲಿ ಬಾಂಬ್ ಸಿಡಿದಾಗ ಮಾತ್ರ ಪೆಟ್ಟಿಗೆ ಸಣ್ಣಗೆ "ಗುಡು" ಅಂತು. ಹಾಲಿನ ಅಕ್ಕ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. "ಅಕ್ಕೋರ, ಇದು ಸತ್ತಿಲ್ಲರಿ, ನಡುಗತೈತಿ" ಅಂದಳು.

ಬೋರ್ಡ್ ಪೂರ್ತಿ ಹೋಗಿದ್ದರೆ ಆ ಗುಡುಗೂ ಬರುತ್ತಿರಲಿಲ್ಲ. ಹಾಗಾದರೆ ಹಾಡಿನ ಬೇಸ್ ಎಲ್ಲಿ ಹೋಗುತ್ತಿದೆ? ಅದನ್ನು ಹುಡುಕಿದ ಬಗೆಯನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಸೆಟ್ಟಿಗೂ ಇದೇ ದಾರಿ.

ಬೇಸ್ ಅಂದರೆ ಏನು?

ತಬಲಾ ನೋಡಿದ್ದೀರಲ್ಲ. ಬಲಗೈಯ ತಬಲಾ "ಟಿನ್" ಅನ್ನುತ್ತದೆ. ಎಡಗೈಯ ಡಗ್ಗಾ "ಘುಂ" ಅನ್ನುತ್ತದೆ. ಆ "ಘುಂ" ಅನ್ನುವ ದಪ್ಪ ದನಿಯೇ ಬೇಸ್. ಡೊಳ್ಳಿನ ಪೆಟ್ಟು, ಗುಡುಗು, ಲಾರಿಯ ಎಂಜಿನ್ನು ಎಲ್ಲವೂ ಬೇಸೇ.

ದನಿ ಅಂದರೆ ಗಾಳಿಯ ನಡುಕ. ಒಂದು ಸೆಕೆಂಡಿನಲ್ಲಿ ಗಾಳಿ ಎಷ್ಟು ಸಲ ನಡುಗುತ್ತದೆ ಎಂಬ ಲೆಕ್ಕಕ್ಕೆ ಹರ್ಟ್ಜ್ ಎನ್ನುತ್ತಾರೆ. ಮನುಷ್ಯರ ಕಿವಿಗೆ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ದನಿ ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನ ತುದಿ ಕಡಿಮೆಯಾಗುತ್ತದೆ. ಕರಿ ಪೆಟ್ಟಿಗೆಯ ಕೆಲಸ ಕೆಳಗಿನ ತುದಿಯಲ್ಲಿ. ಸಾಮಾನ್ಯವಾಗಿ 80 ಅಥವಾ 100 ಹರ್ಟ್ಜ್‌ಗಿಂತ ಕೆಳಗಿನ ದನಿಯನ್ನು ಅದು ನುಡಿಸುತ್ತದೆ. ಅದರ ಹೆಸರು ಸಬ್‌ವೂಫರ್.

ಈ ಕೆಲಸಕ್ಕೆ ಬೇರೆ ಪೆಟ್ಟಿಗೆ ಯಾಕೆ ಬೇಕು? ಕಾಳು ತೂರುವುದನ್ನು ನೆನೆಯಿರಿ. ದೊಡ್ಡ ಮೊರವನ್ನು ನಿಧಾನ ಬೀಸಿದರೂ ಹೊಟ್ಟು ಹಾರುತ್ತದೆ. ಅಂಗೈಯನ್ನು ಅಷ್ಟೇ ನಿಧಾನ ಬೀಸಿದರೆ ಏನೂ ಹಾರುವುದಿಲ್ಲ. ಬೇಸ್ ಅಂದರೆ ನಿಧಾನದ ನಡುಕ. ಅದಕ್ಕೆ ಬಹಳ ಗಾಳಿಯನ್ನು ತಳ್ಳಬೇಕು. ಮೂರು ಇಂಚಿನ ಸ್ಪೀಕರಿಗೆ ಅದು ಆಗದು. ಎಂಟು, ಹತ್ತು ಇಂಚಿನದು ಬೇಕು.

ದನಿ ನಡೆದು ಬರುವ ದಾರಿ

ನೀರಿನ ಪೈಪಿನಲ್ಲಿ ನೀರು ಬಾರದಿದ್ದರೆ ಏನು ಮಾಡುತ್ತೇವೆ? ಟಾಕಿಯಿಂದ ನಳದವರೆಗೆ ನೋಡುತ್ತ ಬರುತ್ತೇವೆ. ಇಲ್ಲಿಯೂ ಹಾಗೆಯೇ. ಮೊದಲು ಹಾಡು ಬರುವ ಯಂತ್ರ: ಫೋನ್, ಟೀವಿ ಅಥವಾ ಡಿವಿಡಿ. ಆಮೇಲೆ ರಿಸೀವರ್. ಅದು ಹಾಡನ್ನು ಪಾಲು ಮಾಡಿ, ಯಾವ ಪಾಲು ಯಾವ ಸ್ಪೀಕರಿಗೆ ಎಂದು ಹಂಚುತ್ತದೆ. ಆಮೇಲೆ ವಾಯರು, ಸಬ್‌ವೂಫರ್, ಕೋಣೆ. ಕಡೆಗೆ ನಿಮ್ಮ ಕಿವಿ. ಬೇಸ್ ಈ ದಾರಿಯಲ್ಲಿ ಎಲ್ಲಿಯಾದರೂ ನಿಂತಿರಬಹುದು.

ಮೊದಲು ಒಂದು ಎಚ್ಚರಿಕೆ. ವಾಯರಿಗೆ ಕೈ ಹಚ್ಚುವ ಮುಂಚೆ ಸ್ವಿಚ್ಚು ತೆಗೆದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಇಡಿರಿ. ನಮ್ಮ ಮನೆಯ ಕರೆಂಟು 230 ವೋಲ್ಟಿನದು. ಹಸಿ ಕೈ ಬೇಡ. ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕುವುದಂತೂ ಬೇಡವೇ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಲವು ಭಾಗಗಳಲ್ಲಿ ಕರೆಂಟು ಉಳಿದಿರುತ್ತದೆ.

ವಾಯರು, ಪಿನ್ನು, ಗುಂಡಿ

ಸಬ್‌ವೂಫರಿನಲ್ಲಿ ಎರಡು ಜಾತಿ. ಒಂದಕ್ಕೆ ಸ್ವಂತ ಕರೆಂಟಿನ ವಾಯರು ಇರುತ್ತದೆ. ಗೋಡೆಯ ಪ್ಲಗ್ಗಿಗೆ ಹಾಕಬೇಕು. ರಿಸೀವರಿನಿಂದ ಅದಕ್ಕೆ ಒಂದೇ ಪಿನ್ನಿನ ವಾಯರು ಬರುತ್ತದೆ. ಇನ್ನೊಂದಕ್ಕೆ ಕರೆಂಟಿನ ವಾಯರು ಇಲ್ಲ. ರಿಸೀವರಿನಿಂದ ಕೆಂಪು, ಕಪ್ಪು ಎರಡೆಳೆಯ ವಾಯರು ಮಾತ್ರ ಬರುತ್ತದೆ. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿರಿ. ಒಂದರ ವಾಯರನ್ನು ಇನ್ನೊಂದರ ತೂತಿಗೆ ಹಾಕಿದರೆ ಸೆಟ್ ಸುಡಬಹುದು. ಗಟದ ಸೆಟ್ ಮೊದಲ ಜಾತಿಯದು.

ರಿಸೀವರಿನ ಹಿಂದೆ ಹತ್ತಾರು ತೂತು ಇರುತ್ತವೆ. ಅವುಗಳಲ್ಲಿ "ಸಬ್‌ವೂಫರ್ ಔಟ್" ಎಂಬುದನ್ನು ಹುಡುಕಬೇಕು. ಇಂಗ್ಲಿಷಿನ ಎಸ್, ಯು, ಬಿ ಎಂಬ ಮೂರು ಅಕ್ಷರ ಮೊದಲಿಗೆ ಇರುತ್ತವೆ. ಬಹಳ ಸೆಟ್‌ಗಳಲ್ಲಿ ಆ ತೂತಿನ ಬಣ್ಣ ನೇರಳೆ, ಕೆಲವದರಲ್ಲಿ ಕಪ್ಪು. ನಾನು ಆ ಮೂರು ಅಕ್ಷರ ಹಲಗೆಯ ಮೇಲೆ ಬರೆದೆ. ಎಲ್ಲರೂ ಬ್ಯಾಟರಿ ಹಿಡಿದು ಹುಡುಕಿದರು. ಸಿಗಲು ಒಂದು ನಿಮಿಷವೂ ಹಿಡಿಯಲಿಲ್ಲ. ನಮ್ಮ ಪಿನ್ನು ಸರಿಯಾದ ತೂತಿನಲ್ಲೇ ಇತ್ತು. ಆದರೂ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಒತ್ತಿ ಹಾಕಿದೆವು. ಸಡಿಲ ಪಿನ್ನಿನಿಂದ ಗುಂಯ್ ಎಂಬ ಸದ್ದು ಬರುತ್ತದೆ, ಇಲ್ಲವೇ ದನಿ ಬಂದು ಬಂದು ಹೋಗುತ್ತದೆ.

ಪಿನ್ನಿನ ವಾಯರು ಸರಿಯಿದೆಯೋ ಇಲ್ಲವೋ ತಿಳಿಯಲು ಬೇರೊಂದು ಅಂಥದೇ ವಾಯರು ಹಾಕಿ ನೋಡುವುದೇ ಸುಲಭ. ಹಳೆಯ ಡಿವಿಡಿಯ ಜೊತೆ ಬಂದ ಕೆಂಪು, ಬಿಳಿ ಪಿನ್ನಿನ ವಾಯರು ಮನೆಯಲ್ಲಿ ಬಿದ್ದಿರುತ್ತದೆ. ಅದರಲ್ಲಿ ಒಂದು ಎಳೆ ಸಾಕು.

ಸ್ವಂತ ಕರೆಂಟಿಲ್ಲದ ಪೆಟ್ಟಿಗೆ ಇದ್ದವರಿಗೆ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಅದರ ಎರಡೂ ಎಳೆಯನ್ನು ರಿಸೀವರಿನಿಂದ ಪೂರ್ತಿ ಬಿಚ್ಚಿರಿ. ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ ತೆಗೆದುಕೊಳ್ಳಿರಿ. ಎರಡು ಎಳೆಗಳನ್ನು ಸೆಲ್ಲಿನ ಎರಡು ತುದಿಗೆ ಒಂದು ಕ್ಷಣ ತಾಗಿಸಿ ಬಿಡಿರಿ. "ಟಪ್" ಎಂದು ಸದ್ದು ಬಂದು ಸ್ಪೀಕರಿನ ಹಾಳೆ ಅಲುಗಿದರೆ ಒಳಗಿನ ತಂತಿಯ ಸುರುಳಿ ಸುಟ್ಟಿಲ್ಲ ಎಂದು ಅರ್ಥ. ನೆನಪಿಡಿರಿ, ಇದು ಸ್ವಂತ ಕರೆಂಟಿಲ್ಲದ ಪೆಟ್ಟಿಗೆಗೆ ಮಾತ್ರ.

ಸ್ವಂತ ಕರೆಂಟಿನ ಪೆಟ್ಟಿಗೆಯ ಹಿಂದೆ ಎರಡು ಮೂರು ಗುಂಡಿ ಇರುತ್ತವೆ. ಒಂದು ವಾಲ್ಯೂಮ್. ಅದನ್ನು ಅರ್ಧಕ್ಕೆ ಇಡಿರಿ. ಒಂದು "ಆಟೋ" ಸ್ವಿಚ್ಚು. ಆಟೋದಲ್ಲಿ ಇಟ್ಟರೆ ದನಿ ಸಣ್ಣದಿದ್ದಾಗ ಪೆಟ್ಟಿಗೆ ತಾನೇ ನಿದ್ದೆ ಹೋಗುತ್ತದೆ, ಏಳುವುದೇ ಇಲ್ಲ. ನೋಡುವಾಗ ಅದನ್ನು "ಆನ್"ಗೆ ಸರಿಸಿರಿ. ಇನ್ನೊಂದು ಗುಂಡಿಯ ಸುತ್ತ 50, 80, 120 ಎಂದು ಅಂಕಿ ಇರುತ್ತವೆ. ಎಷ್ಟು ಹರ್ಟ್ಜ್‌ವರೆಗೆ ನುಡಿಸಬೇಕು ಎಂದು ಅದು ಹೇಳುತ್ತದೆ. ರಿಸೀವರಿನ ಒಳಗೂ ಇದೇ ಕೆಲಸದ ಸೆಟ್ಟಿಂಗ್ ಇದೆ. ಒಂದೇ ಹಿಟ್ಟನ್ನು ಎರಡು ಸಲ ಸೋಸಿದರೆ ಹಿಟ್ಟು ಕಡಿಮೆಯಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಬಿಟ್ಟು, ಸೋಸುವ ಕೆಲಸ ರಿಸೀವರಿಗೇ ಬಿಡಿರಿ.

ಪೆಟ್ಟಿಗೆಯ ದೀಪವೇ ಹತ್ತದಿದ್ದರೆ ಫ್ಯೂಜ್ ಹೋಗಿರಬಹುದು. ಅದೇ ಅಂಕಿಯ ಫ್ಯೂಜ್ ತಂದು ಹಾಕಿರಿ. ಫ್ಯೂಜಿನ ಜಾಗದಲ್ಲಿ ತಂತಿ ಸುತ್ತಬೇಡಿರಿ. ಹೊಸ ಫ್ಯೂಜೂ ಕೂಡಲೇ ಹೋದರೆ ಒಳಗೆ ದೋಷ ಇದೆ, ಆಗ ಅಂಗಡಿಗೇ ಒಯ್ಯಬೇಕು.

ದೊಡ್ಡದು ಎಂದು ಬರೆದರೆ ಸಣ್ಣದಾಯಿತು

ವಾಯರು ಸರಿ, ಗುಂಡಿ ಸರಿ. ಇನ್ನು ಉಳಿದದ್ದು ರಿಸೀವರಿನ ಒಳಗಿನ ಹಂಚಿಕೆ. ಟೀವಿಗೆ ಜೋಡಿಸಿ, ರಿಮೋಟಿನ "ಸೆಟಪ್" ಗುಂಡಿ ಒತ್ತಿದೆವು. "ಸ್ಪೀಕರ್ ಸೆಟಪ್" ಎಂಬ ಪುಟ ಬಂತು. ಅಲ್ಲಿ ಮುಂದಿನ ಎರಡು ಸ್ಪೀಕರುಗಳ ಎದುರಿಗೆ "ಲಾರ್ಜ್" ಎಂದಿತ್ತು. ಲಾರ್ಜ್ ಅಂದರೆ ದೊಡ್ಡದು. "ದೊಡ್ಡದಿದ್ರ ಚಲೋನೇ ಅಲ್ಲೇನ್ರಿ ಅಕ್ಕೋರ?" ಎಂದು ಒಬ್ಬಾಕೆ ಕೇಳಿದಳು. ಮೂರನೆಯ ಬಾಡಿಗೆ ಮನೆಯ ಹುಡುಗನಿಗೂ ಹಾಗೇ ಅನ್ನಿಸಿತ್ತು. ಸೌಂಡ್ ದೊಡ್ಡದಾಗಲಿ ಎಂದು ಅವನೇ "ಸ್ಮಾಲ್" ಇದ್ದದ್ದನ್ನು "ಲಾರ್ಜ್" ಮಾಡಿದ್ದ. ಆಮೇಲೆ ಅವನೇ ಒಪ್ಪಿಕೊಂಡ. ಕಾಲೇಜಿಗೆ ಹೋಗುವ ಹುಡುಗ, ಇಂಗ್ಲಿಷ್ ಓದಲು ಬರುತ್ತದೆ. ಪದ ಓದಿದ. ಅದು ಯಾವುದರ ಮಾತು ಎಂದು ನೋಡಲಿಲ್ಲ.

ಆ ಜಾಗದಲ್ಲಿ ಲಾರ್ಜ್ ಅಂದರೆ ದೊಡ್ಡ ದನಿ ಅಲ್ಲ. "ನನ್ನ ಮುಂದಿನ ಸ್ಪೀಕರುಗಳೇ ಬಹಳ ದೊಡ್ಡವು, ಬೇಸನ್ನೂ ಅವೇ ನುಡಿಸುತ್ತವೆ, ಅದನ್ನು ಬೇರೆ ಕಡೆ ಕಳಿಸಬೇಡ" ಎಂದು ನಾವು ರಿಸೀವರಿಗೆ ಹೇಳಿದಂತೆ. ರಿಸೀವರ್ ಹೇಳಿದ ಹಾಗೆ ಕೇಳುತ್ತದೆ. ಹಾಡಿನ ಬೇಸನ್ನೆಲ್ಲ ಮೂರು ಇಂಚಿನ ಸ್ಪೀಕರಿಗೆ ಕೊಡುತ್ತದೆ. ಅದರ ಕೈಲಿ ಆಗುವುದಿಲ್ಲ. ಕರಿ ಪೆಟ್ಟಿಗೆ ಕೆಲಸವಿಲ್ಲದೆ ಕೂರುತ್ತದೆ. ಸ್ಮಾಲ್ ಎಂದರೆ "ಈ ಸ್ಪೀಕರು ಸಣ್ಣವು, ಬೇಸನ್ನು ಸಬ್‌ವೂಫರಿಗೆ ಕಳಿಸು" ಎಂದು ಅರ್ಥ. ಅಂಗೈಯಷ್ಟು ಸ್ಪೀಕರು ಇದ್ದವರು ಎಲ್ಲರೂ ಸ್ಮಾಲ್ ಎಂದೇ ಇಡಬೇಕು. ಮೊಣಕಾಲೆತ್ತರದ ಸ್ಪೀಕರು ಇದ್ದವರಿಗೂ, ಸಬ್‌ವೂಫರ್ ಇದ್ದರೆ, ಸ್ಮಾಲ್ ಇಡುವುದೇ ಒಳ್ಳೆಯದು ಎಂದು ನನ್ನ ತಮ್ಮನ ಮಾತು.

ಹಾಗಾದರೆ ಸಿನಿಮಾದ ಬಾಂಬ್ ಸದ್ದು ಹೇಗೆ ಬಂತು? ಇದಕ್ಕೆ ಸೆಟ್ಟಿನ ಮೇಲೆ ಬರೆದ 5.1 ಎಂಬ ಅಂಕಿ ನೋಡಿರಿ. ಐದು ಅಂದರೆ ಐದು ಸ್ಪೀಕರಿನ ಐದು ಪಾಲು. ಪಾಯಿಂಟ್ ಒಂದು ಅಂದರೆ ಬರೀ ಬೇಸಿಗೆಂದು ಇಟ್ಟ ಒಂದು ಸಣ್ಣ ಪಾಲು. ಅದರಲ್ಲಿ ಸುಮಾರು 120 ಹರ್ಟ್ಜ್‌ವರೆಗಿನ ದನಿ ಮಾತ್ರ ಇರುತ್ತದೆ. ಗುಡುಗು, ಬಾಂಬ್, ಭೂಕಂಪದ ಸದ್ದನ್ನು ಸಿನಿಮಾದವರು ಅಲ್ಲಿ ತುಂಬುತ್ತಾರೆ. ಥಿಯೇಟರಿನಲ್ಲಿ ಎದೆ ನಡುಗಿಸುವ ಈ ಆಟ ಹಳೆಯದು. 1974ರಲ್ಲಿ ಅಮೆರಿಕದಲ್ಲಿ 'ಅರ್ಥ್‌ಕ್ವೇಕ್' ಎಂಬ ಭೂಕಂಪದ ಸಿನಿಮಾಕ್ಕಾಗಿ ಥಿಯೇಟರುಗಳಲ್ಲಿ ಭಾರೀ ಬೇಸ್ ಪೆಟ್ಟಿಗೆಗಳನ್ನು ಇಟ್ಟಿದ್ದರು. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಸಿನಿಮಾದಿಂದ ಡಾಲ್ಬಿ ಡಿಜಿಟಲ್ ಎಂಬ ಪದ್ಧತಿ ಥಿಯೇಟರಿಗೆ ಬಂತು. ಈ 5.1 ಲೆಕ್ಕ ಅದರಲ್ಲಿಯೂ ಇದೆ, ನಮ್ಮ ಡಿವಿಡಿಗಳಲ್ಲಿಯೂ ಇದೆ. ಆ ಪಾಯಿಂಟ್ ಒಂದು ನೇರ ಕರಿ ಪೆಟ್ಟಿಗೆಗೆ ಹೋಗುತ್ತದೆ. ಲಾರ್ಜ್, ಸ್ಮಾಲ್ ಅದಕ್ಕೆ ಅಡ್ಡ ಬರುವುದಿಲ್ಲ.

ಫೋನಿನ ಹಾಡು ಹಾಗಲ್ಲ. ಅದರಲ್ಲಿ ಸಾಮಾನ್ಯವಾಗಿ ಎರಡೇ ಪಾಲು, ಎಡ ಮತ್ತು ಬಲ. ಪಾಯಿಂಟ್ ಒಂದು ಇಲ್ಲವೇ ಇಲ್ಲ. ಬೇಸ್ ಎಲ್ಲಾ ಆ ಎಡ, ಬಲದೊಳಗೇ ಬೆರೆತಿರುತ್ತದೆ. ರಿಸೀವರ್ ಅದನ್ನು ಬೇರೆ ಮಾಡಿ ಕಳಿಸಿದರೆ ಮಾತ್ರ ಪೆಟ್ಟಿಗೆಗೆ ಮುಟ್ಟುತ್ತದೆ. ಅಂಗಡಿಯವನು ಹಚ್ಚಿದ್ದು ಹಾಡನ್ನೇ. ಅದಕ್ಕೆ ಅವನಿಗೆ ಪೆಟ್ಟಿಗೆ ಸತ್ತಂತೆ ಕಂಡಿತು. ಅವನು ಮೋಸ ಮಾಡಿದ ಎಂದು ನಾನು ಹೇಳುವುದಿಲ್ಲ. ಒಂದು ಸಿನಿಮಾ ಹಚ್ಚಿ ನೋಡಬೇಕಿತ್ತು, ಅಷ್ಟೇ.

ಟೀವಿಯಿಂದ ದನಿ ತೆಗೆದುಕೊಳ್ಳುವವರು ಇದನ್ನೂ ನೋಡಿರಿ. ಟೀವಿಯ ಸೌಂಡ್ ಸೆಟ್ಟಿಂಗಿನಲ್ಲಿ "ಪಿಸಿಎಂ" ಎಂದಿದ್ದರೆ ಎಷ್ಟೋ ಟೀವಿಗಳು ಎರಡೇ ಪಾಲು ಕಳಿಸುತ್ತವೆ. "ಡಾಲ್ಬಿ" ಅಥವಾ "ಬಿಟ್‌ಸ್ಟ್ರೀಮ್" ಎಂದು ಮಾಡಿದರೆ, ಸಿನಿಮಾದಲ್ಲಿ 5.1 ಇದ್ದಾಗ, ಪೂರ್ತಿ ಬರುತ್ತದೆ.

ಒಂದು ಸಣ್ಣ ಗೆರೆ

ಅದೇ ಪುಟದ ಕೆಳಗೆ "ಸಬ್‌ವೂಫರ್ ಲೆವೆಲ್" ಎಂದಿತ್ತು. ಎದುರಿಗೆ ಹತ್ತು. "ಹತ್ತು ಐತಲ್ರಿ, ಭಾಳ ಐತಿ" ಎಂದು ಇಬ್ಬರು ಒಟ್ಟಿಗೆ ಓದಿದರು. ಹಾಲಿನ ಅಕ್ಕ ಹತ್ತಿರ ಹೋಗಿ ನೋಡಿದಳು. "ಹತ್ತರ ಮುಂದ ಒಂದು ಗೆರಿ ಐತ್ರಿ" ಅಂದಳು.

ಅದು ಕಳೆಯುವ ಚಿಹ್ನೆ. ಹತ್ತು ಅಲ್ಲ, ಮೈನಸ್ ಹತ್ತು. ಇಲ್ಲಿ ಸೊನ್ನೆ ನಡುವಿನ ಜಾಗ. ಪ್ಲಸ್ ಕಡೆಗೆ ಹೋದರೆ ದನಿ ಹೆಚ್ಚು, ಮೈನಸ್ ಕಡೆಗೆ ಹೋದರೆ ಕಡಿಮೆ. ಈ ಅಳತೆಯ ಹೆಸರು ಡೆಸಿಬಲ್. ಮೈನಸ್ ಹತ್ತು ಡೆಸಿಬಲ್ ಅಂದರೆ ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ. ಕಿವಿಗೆ ದನಿ ಸುಮಾರು ಅರ್ಧವಾದಂತೆ ಕೇಳುತ್ತದೆ. ಬೇಸ್ ಆದರೆ ಅರ್ಧಕ್ಕಿಂತಲೂ ಕಡಿಮೆ ಅನ್ನಿಸುತ್ತದೆ. ಬಾಂಬ್ ಸದ್ದು ಬರೀ "ಗುಡು" ಅಂದದ್ದು ಇದಕ್ಕೇ.

ಈ ಗೆರೆ ಯಾರು ಹಾಕಿದರು? ಯಾರೂ ಅಲ್ಲದಿರಬಹುದು. ಕೆಲವು ರಿಸೀವರಿಗೆ ಸಣ್ಣ ಮೈಕ್ ಇರುತ್ತದೆ. ಅದನ್ನು ಜೋಡಿಸಿದರೆ ರಿಸೀವರ್ ತಾನೇ ದನಿ ಅಳೆದು ಲೆವೆಲ್ ಇಡುತ್ತದೆ. ಆ ಹೊತ್ತಿಗೆ ಪೆಟ್ಟಿಗೆಯ ಹಿಂದಿನ ವಾಲ್ಯೂಮ್ ಪೂರ್ತಿ ಏರಿಸಿದ್ದರೆ, ರಿಸೀವರ್ "ಇದು ಬಹಳ ಆಯಿತು" ಎಂದು ಮೈನಸ್ ಹತ್ತು, ಹನ್ನೆರಡಕ್ಕೆ ಇಳಿಸಿಬಿಡುತ್ತದೆ. ಆಮೇಲೆ ಯಾರೋ ಪೆಟ್ಟಿಗೆಯ ವಾಲ್ಯೂಮ್ ಇಳಿಸುತ್ತಾರೆ. ಎರಡೂ ಕಡೆ ಇಳಿದು ಬೇಸ್ ಮಾಯ. ಮೈಕಿನಿಂದ ಅಳೆಯುವವರು ಮೊದಲು ಪೆಟ್ಟಿಗೆಯ ವಾಲ್ಯೂಮ್ ಅರ್ಧಕ್ಕೆ ಇಟ್ಟು ಆಮೇಲೆ ಅಳೆಯಿರಿ.

ಸ್ಮಾಲ್ ಮಾಡಿದೆವು. ಲೆವೆಲ್ ಸೊನ್ನೆಗೆ ತಂದೆವು. "ಕ್ರಾಸ್ ಓವರ್" ಎಂಬಲ್ಲಿ 80 ಇಡಬೇಕೆಂದು ತಮ್ಮ ಮೊದಲು ಹೇಳಿದ. ಸ್ಪೀಕರು ಎಷ್ಟು ದೊಡ್ಡವು ಎಂದು ಕೇಳಿದ ಮೇಲೆ 120 ಇಡಿಸಿದ. ಬಹಳ ಸಣ್ಣ ಸ್ಪೀಕರು 80ರವರೆಗೆ ಇಳಿಯಲಾರವು, ನಡುವೆ ತೂತು ಬೀಳುತ್ತದೆ. "ನೈಟ್ ಮೋಡ್" ಇದ್ದರೆ ತೆಗೆಯಿರಿ. ರಾತ್ರಿ ಮಂದಿಗೆ ತೊಂದರೆ ಆಗದಿರಲಿ ಎಂದು ಅದು ದೊಡ್ಡ ಸದ್ದನ್ನು ಅಮುಕುತ್ತದೆ. ಕೆಲವು ರಿಸೀವರಿನಲ್ಲಿ "ಡೈರೆಕ್ಟ್" ಎಂಬ ಗುಂಡಿ ಒತ್ತಿದರೂ ಹಾಡಿನ ಬೇಸ್ ಪೆಟ್ಟಿಗೆಗೆ ಹೋಗುವುದಿಲ್ಲ.

ಹಾಡು ಹಚ್ಚಿದೆವು. ಕಿಟಕಿಯ ಗಾಜು "ಝಿರ್" ಎಂದಿತು. ಹಾಲಿನ ಅಕ್ಕ ಏನೂ ಅನ್ನಲಿಲ್ಲ. ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿದಳು.

ಪಂಚಮಿ ಜೋಕಾಲಿ

ಎಲ್ಲಾ ಸೆಟ್ಟಿಂಗ್ ಸರಿಯಿದ್ದೂ ಬೇಸ್ ತೆಳುವಾಗಿ ಕೇಳಿದರೆ ಕೆಂಪು, ಕಪ್ಪು ಎಳೆ ಅದಲು ಬದಲಾಗಿದೆಯೋ ನೋಡಿರಿ. ಪಂಚಮಿಯಲ್ಲಿ ಜೋಕಾಲಿ ಆಡುವಾಗ ಇಬ್ಬರು ನೂಕುತ್ತಾರೆ. ಇಬ್ಬರೂ ಸರಿಯಾದ ಹೊತ್ತಿಗೆ ನೂಕಿದರೆ ಜೋಕಾಲಿ ಮುಗಿಲಿಗೆ ಹೋಗುತ್ತದೆ. ಒಬ್ಬಳು ನೂಕುವಾಗ ಇನ್ನೊಬ್ಬಳು ಹಿಡಿದು ಜಗ್ಗಿದರೆ? ನಿಂತುಬಿಡುತ್ತದೆ. ಸ್ಪೀಕರುಗಳೂ ಹಾಗೇ ಗಾಳಿಯನ್ನು ನೂಕುತ್ತವೆ, ಜಗ್ಗುತ್ತವೆ. ಒಂದರ ಎಳೆ ತಿರುವಾಗಿ ಹಾಕಿದರೆ, ಒಂದು ನೂಕುವಾಗ ಇನ್ನೊಂದು ಜಗ್ಗುತ್ತದೆ. ಬೇಸ್ ಗಾಳಿಯಲ್ಲೇ ಸತ್ತುಹೋಗುತ್ತದೆ. ರಿಸೀವರಿನ ಕೆಂಪಿಗೆ ಸ್ಪೀಕರಿನ ಕೆಂಪು, ಕಪ್ಪಿಗೆ ಕಪ್ಪು. ವಾಯರಿನ ಎಳೆಗಳಿಗೆ ಬಣ್ಣ ಇಲ್ಲದಿದ್ದರೆ ಒಂದು ಎಳೆಯ ಮೇಲೆ ಗೆರೆ ಇರುತ್ತದೆ, ಅದನ್ನು ಗುರುತು ಮಾಡಿಕೊಳ್ಳಿರಿ.

ಸಬ್‌ವೂಫರಿನ ಹಿಂದೆ "ಫೇಜ್" ಎಂಬ ಸ್ವಿಚ್ಚು ಇರುವುದೂ ಇದಕ್ಕೇ. ಅದಕ್ಕೆ 0 ಮತ್ತು 180 ಎಂಬ ಎರಡು ಜಾಗ. ಒಬ್ಬರು ಯಾವಾಗಲೂ ಕೂರುವ ಜಾಗದಲ್ಲಿ ಕೂತು ಕೇಳಲಿ. ಇನ್ನೊಬ್ಬರು ಸ್ವಿಚ್ಚು ಅತ್ತಿತ್ತ ಮಾಡಲಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದು ಸರಿ.

ಪೆಟ್ಟಿಗೆಯನ್ನು ಎಲ್ಲಿ ಇಡಬೇಕು?

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೂ ಮಂದಿ ಇದನ್ನೇ ಮರೆಯುತ್ತಾರೆ.

ದನಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 40 ಹರ್ಟ್ಜ್ ದನಿಯ ಒಂದು ಅಲೆ ಎಷ್ಟು ಉದ್ದ? 340ನ್ನು 40ರಿಂದ ಭಾಗಿಸಿರಿ. ಎಂಟೂವರೆ ಮೀಟರ್, ಅಂದರೆ ಸುಮಾರು 28 ಅಡಿ. ನಮ್ಮ ಕೋಣೆಗಳಿಗಿಂತ ಉದ್ದ. ಈ ಅಲೆ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಕೆಲವು ಕಡೆ ಕೂಡುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ಅದಕ್ಕೇ ಒಂದೇ ಕೋಣೆಯಲ್ಲಿ ಗೋಡೆಯ ಹತ್ತಿರ ಕೂತವರಿಗೆ ಬೇಸ್ ಬಹಳ, ನಡುವೆ ಕೂತವರಿಗೆ ಇಲ್ಲವೇ ಇಲ್ಲ.

ಪೆಟ್ಟಿಗೆಯನ್ನು ಮೇಜಿನ ಮೇಲೆ, ಕೋಣೆಯ ನಡುವೆ ಇಡಬೇಡಿರಿ. ನೆಲದ ಮೇಲೆ, ಗೋಡೆಗೆ ಹತ್ತಿರ ಇಟ್ಟರೆ ಬೇಸ್ ಹೆಚ್ಚುತ್ತದೆ. ಮೂಲೆಯಲ್ಲಿ ಇಟ್ಟರೆ ಇನ್ನೂ ಹೆಚ್ಚುತ್ತದೆ. ಕೆಲವೊಮ್ಮೆ ಅತಿಯಾಗಿ ಬರೀ ಗೊಂಯ್ ಅನ್ನುತ್ತದೆ. ಸರಿಯಾದ ಜಾಗ ಹುಡುಕಲು ಒಂದು ಉಪಾಯ ಇದೆ. ಪೆಟ್ಟಿಗೆಯನ್ನು ನೀವು ಕೂರುವ ಜಾಗದಲ್ಲಿ ಇಡಿರಿ. ಬೇಸ್ ಇರುವ ಒಂದು ಹಾಡು ಹಚ್ಚಿರಿ. ನೀವು ಗೋಡೆಯ ಗುಂಟ ಕಿವಿ ನೆಲಕ್ಕೆ ಹತ್ತಿರ ಮಾಡಿ ಅಂಬೆಗಾಲಿಡುತ್ತ ಹೋಗಿರಿ. ಎಲ್ಲಿ ಬೇಸ್ ತುಂಬಿ, ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಿರಿ. ನಮ್ಮ ಕೇಂದ್ರದಲ್ಲಿ ಐವತ್ತು ದಾಟಿದ ಅವ್ವಂದಿರು ಅಂಬೆಗಾಲಿಟ್ಟದ್ದು ನೋಡಿ ಮಕ್ಕಳೆಲ್ಲ ಬಾಗಿಲಲ್ಲಿ ನಿಂತು ನಕ್ಕರು. ಜಾಗ ಮಾತ್ರ ಸಿಕ್ಕಿತು: ಕಿಟಕಿಯ ಕೆಳಗೆ, ಮೂಲೆಯಿಂದ ಎರಡು ಅಡಿ ಈಚೆ.

ಒಂದು ಮಾತು ನೇರ ಹೇಳಬೇಕು. ಇಂಥ ಸೆಟ್ ಮನೆಯ ಕೋಣೆಗೆಂದು ಮಾಡಿದ್ದು. ಬಯಲಿನ ಪೆಂಡಾಲಿನಲ್ಲಿ ಇಟ್ಟರೆ ಯಾವ ಸೆಟ್ಟಿಂಗ್ ಮಾಡಿದರೂ ದಮ್ ಬಾರದು. ಅಲ್ಲಿ ದನಿಯನ್ನು ತಿರುಗಿಸುವ ಗೋಡೆ ಇಲ್ಲ. ದನಿ ಸಾಲದು ಎಂದು ವಾಲ್ಯೂಮ್ ಕೊನೆಗೆ ಏರಿಸಿದರೆ ಸ್ಪೀಕರ್ ಹರಿಯುತ್ತದೆ, ಸುರುಳಿ ಸುಡುತ್ತದೆ. ಆಗ ನಿಜವಾಗಿಯೂ ಎರಡು ಸಾವಿರ ಬೇಕಾಗುತ್ತದೆ. ಪೆಂಡಾಲಿಗೆ ಬಾಡಿಗೆ ಕೊಡುವುದಿಲ್ಲ ಎಂದು ಗಟದವರು ಠರಾವು ಬರೆದಿದ್ದಾರೆ.

ಕಿವಿಯ ಆಟವೂ ಒಂದಿದೆ. ದನಿ ಸಣ್ಣಗೆ ಇಟ್ಟಾಗ ನಮ್ಮ ಕಿವಿಗೆ ಮಾತು ಚೆನ್ನಾಗಿ ಕೇಳುತ್ತದೆ, ಬೇಸ್ ಮಾತ್ರ ಕೇಳುವುದಿಲ್ಲ. ಕಿವಿಯ ಸ್ವಭಾವವೇ ಹಾಗೆ. 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು ಅಳೆದು ತೋರಿಸಿದರು. ಆದ್ದರಿಂದ ರಾತ್ರಿ ಸಣ್ಣಗೆ ಟೀವಿ ಹಚ್ಚಿಕೊಂಡು "ಬೇಸ್ ಇಲ್ಲ" ಎಂದು ಗೊಣಗಬೇಡಿರಿ. ಏರಿಸುವ ಮುಂಚೆ ನೆರೆಮನೆಯನ್ನೂ ನೆನೆಯಿರಿ. ಮಾತಿನ ದನಿಯನ್ನು ಗೋಡೆ ತಡೆಯುತ್ತದೆ, ಬೇಸನ್ನು ಅಷ್ಟು ತಡೆಯುವುದಿಲ್ಲ. ಪಕ್ಕದ ಮನೆಯ ಕೂಸು, ಮುದುಕರು ಎಚ್ಚರಾಗುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ ಇದೆ.

ಅಂಗಡಿಗೆ ಯಾವಾಗ ಒಯ್ಯಬೇಕು?

ಸುಟ್ಟ ವಾಸನೆ ಬಂದರೆ, ಫ್ಯೂಜ್ ಮೇಲಿಂದ ಮೇಲೆ ಹೋದರೆ ಒಯ್ಯಬೇಕು. ಸ್ಪೀಕರಿನ ಅಂಚಿನ ರಬ್ಬರ್ ಅಥವಾ ಸ್ಪಂಜು ಹರಿದಿದ್ದರೆ, ಹಾಡು ಹಚ್ಚಿದಾಗ ಕರಕರ ಎಂದು ಉಜ್ಜುವ ಸದ್ದು ಬಂದರೆ ಒಯ್ಯಬೇಕು. ಸ್ವಂತ ಕರೆಂಟಿನ ಪೆಟ್ಟಿಗೆಗೆ ಬೇರೆ ವಾಯರು ಹಾಕಿ, ಬೇರೆ ಯಂತ್ರದಿಂದ ಹಾಡು ಹಚ್ಚಿದರೂ ಏನೂ ಬಾರದಿದ್ದರೆ ಆಗಲೂ ದೋಷ ಒಳಗೇ ಇದೆ. ಅಂಗಡಿಯಲ್ಲಿ ಏನು ಹಚ್ಚಿ ನೋಡಿದರು ಎಂದು ಕೇಳಿರಿ. ಒಂದು ಹಾಡು, ಒಂದು ಸಿನಿಮಾ ಎರಡೂ ನಿಮ್ಮೆದುರಿಗೆ ಹಚ್ಚಿಸಿರಿ. ಯಾವ ಭಾಗ ಬದಲಿಸುತ್ತಾರೆ, ಎಷ್ಟು ರೂಪಾಯಿ, ಎಷ್ಟು ದಿನದ ಗ್ಯಾರಂಟಿ ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿರಿ. ಬರೆದದ್ದನ್ನು ಅಲ್ಲೇ ನಿಂತು ಓದಿರಿ. ತೆಗೆದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿರಿ.

ಗಟದವರು ಈಗ ರಿಸೀವರಿನ ಮೇಲೆ ಒಂದು ರಟ್ಟು ಅಂಟಿಸಿದ್ದಾರೆ. ಬರೆದವಳು ಹಾಲಿನ ಅಕ್ಕ. ದೊಡ್ಡ ದೊಡ್ಡ ಅಕ್ಷರ. ಸ್ಮಾ ಬರೆಯಲು ಮೂರು ಸಲ ಅಳಿಸಿದಳು. ರಟ್ಟಿನ ಮೇಲೆ ಇರುವುದು ಇಷ್ಟು: "ಸ್ಪೀಕರ್ ಸ್ಮಾಲ್ ಇರಲಿ. ಲೆವೆಲ್ ಸೊನ್ನೆ ಇರಲಿ, ಗೆರೆ ಬರಬಾರದು. ಪೆಟ್ಟಿಗೆ ಗೋಡೆ ಹತ್ತಿರ, ನೆಲದ ಮೇಲೆ. ಸೆಟ್ಟಿಂಗ್ ಬದಲಿಸಿದರೆ ನೂರು ರೂಪಾಯಿ ದಂಡ. ವಾಯರು ಎಣಿಸಿ ಕೊಡಿ, ಒಟ್ಟು ಒಂಬತ್ತು."

ಹೋದ ತಿಂಗಳು ಒಂದು ತೊಟ್ಟಿಲ ಕಾರ್ಯದಿಂದ ಎಂಟೇ ವಾಯರು ಬಂದವು. ಒಂಬತ್ತನೆಯದು ಮರುದಿನ ಸಿಕ್ಕಿತು, ಬೀಗರ ಚೀಲದಲ್ಲಿ. ಬಾಡಿಗೆ ಪೂರ್ತಿ ಐನೂರು ಕೊಟ್ಟರು.